ಹತ್ತಿರದ ಗುಡ್ಡ

ನಾವು ಗದಗ ಸೀಮೆಯ ಎರೆಭೂಮಿಯವರು. ಬಯಲಿನಲ್ಲಿ ಬೆಳೆದ ನಮಗೆ ಗುಡ್ಡವೆಂದರೆ ಕಪ್ಪತಗುಡ್ಡವೊಂದೇ. ಕೇಂದ್ರ ಸರ್ಕಾರದ ನೌಕರಿ ನಮ್ಮನ್ನು ಪೂರ್ವ ದೆಹಲಿಗೆ ತಂದಾಗ, ಯಮುನೆಯಾಚೆಯ ಸಪಾಟು ನೆಲ ಊರಿನ ಬಯಲನ್ನೇ ನೆನಪಿಸಿತು. ಒಮ್ಮೆ ಚಳಿಗಾಲದ ರಜೆ ಮುಗಿಸಿ ನಿಜಾಮುದ್ದೀನ್ ನಿಲ್ದಾಣದಿಂದ ಮನೆಗೆ ಬರುತ್ತಿದ್ದೆವು. ಐದು ವರ್ಷದ ಮಗಳು ಮಂಜಿನತ್ತ ಬೆರಳು ತೋರಿಸಿ, "ಅಪ್ಪಾ, ಕಪ್ಪತಗುಡ್ಡ ಇಲ್ಲೂ ಅದ ನೋಡು!" ಎಂದು ಕೂಗಿದಳು. ಅದು ಗಾಜೀಪುರದ ಕಸದ ರಾಶಿ. ಮೇಲೆ ಹದ್ದುಗಳು ಸುತ್ತುತ್ತಿದ್ದವು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನೆನಪಾದರೂ ಅಂದು ನಾವು ಅವಳ ಮಾತನ್ನು ತಿದ್ದಲಿಲ್ಲ.

1984ರಲ್ಲಿ ಅಲ್ಲಿ ಕಸ ಸುರಿಯಲು ಆರಂಭಿಸಿದರು. 2002ರ ಹೊತ್ತಿಗೆ ಜಾಗ ತುಂಬಿತು, ಸುರಿಯುವುದು ನಿಲ್ಲಲಿಲ್ಲ. 2019ರಲ್ಲಿ ಅದರ ಎತ್ತರ ಸುಮಾರು 65 ಮೀಟರ್. 2017ರ ಸೆಪ್ಟೆಂಬರ್ 1ರಂದು ಒಂದು ಪಾರ್ಶ್ವ ಕುಸಿದು, ರಸ್ತೆಯಲ್ಲಿದ್ದ ವಾಹನಗಳನ್ನು ಕಾಲುವೆಗೆ ತಳ್ಳಿತು. ಇಬ್ಬರು ಸತ್ತರು. ಅದು ನಾವೂ ಓಡಾಡುವ ರಸ್ತೆ.

ಮನುಷ್ಯ ಗುಡ್ಡ ಕಟ್ಟಬಾರದೆಂದಿಲ್ಲ. ಯುದ್ಧದಲ್ಲಿ ನುಚ್ಚುನೂರಾದ ಬರ್ಲಿನ್ನಿನ ಅವಶೇಷಗಳನ್ನು 1950ರಿಂದ ಎರಡು ದಶಕಗಳ ಕಾಲ ಒಂದೆಡೆ ಸುರಿದು ಟಾಯ್‌ಫೆಲ್ಸ್‌ಬೆರ್ಗ್ ಎಂಬ ಗುಡ್ಡವನ್ನೇ ಎಬ್ಬಿಸಿದರು. ಅದರ ತುದಿ ಸಮುದ್ರಮಟ್ಟದಿಂದ ಸುಮಾರು 120 ಮೀಟರ್. ಇಂದು ಅಲ್ಲಿ ಮರಗಳಿವೆ, ಜನ ಗಾಳಿಪಟ ಹಾರಿಸುತ್ತಾರೆ. ಆ ನಗರದ ಹೆಂಗಸರು ಅವಶೇಷಗಳ ನಡುವೆ ಕುಳಿತು, ಗಾರೆ ಕೆರೆದು, ಗಟ್ಟಿ ಇಟ್ಟಿಗೆಗಳನ್ನು ಮರುಬಳಕೆಗೆ ಆರಿಸಿದ್ದರು. ಇಟ್ಟಿಗೆ ಕಲ್ಲುಗಳು ಕೊಳೆಯುವುದಿಲ್ಲ. ಅಡುಗೆಮನೆಯ ಕಸ ಕೊಳೆಯುತ್ತದೆ. ಗಾಳಿಯಾಡದ ಒಡಲಲ್ಲಿ ಮೀಥೇನ್ ಹುಟ್ಟಿ ಹೊತ್ತಿಕೊಳ್ಳುತ್ತದೆ. ಕಪ್ಪು ರಸ ಅಂತರ್ಜಲಕ್ಕೆ ಇಳಿಯುತ್ತದೆ. ಅಮೆರಿಕದ ವರ್ಜೀನಿಯಾ ಬೀಚ್ ನಗರದಲ್ಲಿ ಒಂದು ಪದರ ಕಸ, ಒಂದು ಪದರ ಶುದ್ಧ ಮಣ್ಣು ಎಂದು ಒತ್ತಿ ಕಟ್ಟಿದ, 1974ರಲ್ಲಿ ಉದ್ಯಾನವಾಗಿ ತೆರೆದ ಗುಡ್ಡದ ಎತ್ತರ ಕೇವಲ 60 ಅಡಿ. ಅದನ್ನು ಕಟ್ಟಿದರು, ನಮ್ಮದು ಬೆಳೆಯಿತು.

ಬೆಳೆದದ್ದು ಹೇಗೆಂದು ನಮಗೆ ಗೊತ್ತಿರಬೇಕಿತ್ತು. ಕಚೇರಿಯಲ್ಲಿ ಕಡತಕ್ಕೆ ಬಳಸುವ ‘ವಿಲೇವಾರಿ’ ಎಂಬ ಪದವನ್ನೇ ಕಸಕ್ಕೂ ಬಳಸುತ್ತೇವೆ. ಕಡತ ನಮ್ಮ ಮೇಜಿನಿಂದ ಮುಂದಿನ ಮೇಜಿಗೆ ಹೋದರೆ ನಮ್ಮ ಲೆಕ್ಕದಲ್ಲಿ ವಿಲೇವಾರಿಯಾದಂತೆಯೇ. ಕಸವೂ ಹೊಸ್ತಿಲು ದಾಟಿದರೆ ಮುಗಿಯಿತೆಂದು ವರ್ಷಗಟ್ಟಲೆ ನಂಬಿದ್ದೆವು.

ಒಂದು ಭಾನುವಾರ ಕಸ ಒಯ್ಯುವ ಹುಡುಗ ಮೆಟ್ಟಿಲ ಬಳಿ ಕುಳಿತು ನಮ್ಮ ಚೀಲವನ್ನು ಬಿಚ್ಚಿದ್ದ. ಅನ್ನ, ಔಷಧಿಯ ಪಟ್ಟಿ, ಪ್ಲಾಸ್ಟಿಕ್ಕು ಎಲ್ಲವನ್ನೂ ಬರಿಗೈಯಲ್ಲಿ ಬೇರ್ಪಡಿಸುತ್ತಿದ್ದ. ಅಂಗೈಯಿಂದ ರಕ್ತ ಸೋರುತ್ತಿತ್ತು. ಹಿಂದಿನ ರಾತ್ರಿ ನಾವು ಒಂದು ಕಾಗದವನ್ನೂ ಸುತ್ತದೆ ಎಸೆದಿದ್ದ ಗಾಜಿನ ಲೋಟದ ಚೂರು ಅದು. ಅರಿಶಿನ ತಂದರೆ, ಇದು ದಿನವೂ ಇದ್ದದ್ದೇ ಎಂದು ಚಿಂದಿ ಸುತ್ತಿಕೊಂಡು ಎದ್ದ. ಬರ್ಲಿನ್ನಿನ ಹೆಂಗಸರ ಕೆಲಸವನ್ನು ಇಲ್ಲಿ ಈ ಹುಡುಗ ಮಾಡುತ್ತಿದ್ದಾನೆಂದು ನಮಗೆ ಹೊಳೆದದ್ದು ಆಗ.

ಅಂದಿನಿಂದ ಮನೆಯಲ್ಲಿ ಮೂರು ಬುಟ್ಟಿಗಳಿವೆ. ಗಾಜು ಕಾಗದದಲ್ಲಿ ಸುತ್ತಿ ಬೇರೆಯಾಗಿ ಹೋಗುತ್ತದೆ. ಕೆಳಗೆ ಬರುವ ಗಾಡಿಯಲ್ಲಿ ಎಲ್ಲವೂ ಮತ್ತೆ ಒಂದಾಗುವುದನ್ನು ಎಷ್ಟೋ ಸಲ ಕಂಡಿದ್ದೇವೆ. ಆದರೂ ಬುಟ್ಟಿಗಳನ್ನು ತೆಗೆದಿಲ್ಲ. ಹುಡುಗನ ಕೈ ಗಾಡಿಗಿಂತ ಮೊದಲು ಬರುತ್ತದೆ.

ಈಗ ಗಾಜೀಪುರದಲ್ಲಿ ತಿರುಗುವ ದೊಡ್ಡ ಜರಡಿಗಳು ಹಳೆಯ ಕಸವನ್ನು ಸೋಸುತ್ತಿವೆ. ಉಳಿದ ಮಣ್ಣು ಹೆದ್ದಾರಿಯ ಏರಿಗೂ ಹೋಗಿದೆ. ಹತ್ತನೆಯ ತರಗತಿಯ ಮಗಳು ಅದನ್ನು ಕಪ್ಪತಗುಡ್ಡವೆನ್ನುವುದಿಲ್ಲ. ನಾವು ಮಾತ್ರ ಆ ದಾರಿಯಲ್ಲಿ ಹೋಗುವಾಗಲೆಲ್ಲ ತಲೆಯೆತ್ತಿ ನೋಡುತ್ತೇವೆ. ಒಡೆದ ಲೋಟದ ಮಿಕ್ಕ ಚೂರುಗಳು ಅಲ್ಲೆಲ್ಲೋ ಇವೆ.