ಮೋಟಾರಿನ ದ್ರವ್ಯಶುದ್ಧಿ

ಒಂದು ತಲೆಮಾರಿನ ಹಿಂದೆ ನಮ್ಮ ಕಡೆಯ ಗೃಹಸ್ಥರ ಮನೆಗಳಲ್ಲಿ ಹಸು ಎತ್ತುಗಳಿಗೆ ಸಲ್ಲುತ್ತಿದ್ದ ಆರೈಕೆಯ ಒಂದು ಪಾಲು ಈಗ ಮೋಟಾರು ಕಾರಿಗೆ ಸಲ್ಲುತ್ತಿದೆ. ಇದನ್ನು ನಾನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಮನೆಗೆ ಬಂದ ವಸ್ತುವನ್ನು ಚೆನ್ನಾಗಿಟ್ಟುಕೊಳ್ಳುವುದು ಸಂಸಾರಿಯಾದವನಿಗೆ ಒಪ್ಪುವ ನಡತೆಯೇ ಸರಿ. ಯಂತ್ರದ ವಿಷಯವನ್ನು ಅದನ್ನು ಬಲ್ಲವರಿಗೆ ಬಿಡಬೇಕು. ಆದರೆ ಗಾಡಿಯ ಮೈಯನ್ನು ತೊಳೆಯುವುದು, ಒರೆಸುವುದು, ಅದಕ್ಕೆ ಮೆರುಗು ಕೊಡುವುದು, ಇವುಗಳನ್ನು ಮನೆಯವನೇ ಮಾಡಿಕೊಳ್ಳಬಹುದು. ಹಾಗೆ ಮಾಡಹೊರಟವನಿಗೆ ಮೊದಲು ಎದುರಾಗುವ ತೊಡಕು ಯಾವುದೆಂದರೆ, ಸಾಮಗ್ರಿಯ ಆಯ್ಕೆ. ಅಂಗಡಿಯ ಹಲಗೆಗಳ ಮೇಲೆ ಕೆಂಪು, ನೀಲಿ, ಹಳದಿ ಬಣ್ಣದ ಸೀಸೆಗಳು ಸಾಲಾಗಿ ನಿಂತಿರುತ್ತವೆ. ಒಂದೊಂದರ ಮೈಮೇಲೂ ಅದರದರ ಸ್ತೋತ್ರ ಅಚ್ಚಾಗಿರುತ್ತದೆ. ಎಲ್ಲವನ್ನೂ ಕೊಂಡು ತಂದರೆ ಗಾಡಿಗಿಂತ ಅದರ ಸ್ನಾನಸಾಮಗ್ರಿಗೇ ಹೆಚ್ಚು ಸ್ಥಳ ಬೇಕಾದೀತು.

ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾಗಿ ತುಮಕೂರಿನಲ್ಲಿ ವಾಸವಾಗಿರುವವನು. ಮನೆಯಾಕೆಗೆ ಬಹುಕಾಲದಿಂದ ಉಬ್ಬಸದ ಬಾಧೆ. ಹೊತ್ತಲ್ಲದ ಹೊತ್ತಿನಲ್ಲಿ ವೈದ್ಯರ ಬಳಿಗೆ ಕರೆದೊಯ್ಯಲು ಒಂದು ವಾಹನವಿರಬೇಕೆಂದು, ಬೇರೊಬ್ಬರು ಕೆಲವು ವರ್ಷ ಓಡಿಸಿದ್ದ ಕಡುನೀಲಿ ಬಣ್ಣದ ಸಣ್ಣ ಕಾರೊಂದನ್ನು ಕೊಂಡೆ. ಮತ್ತೊಂದನ್ನು ಕೊಳ್ಳುವ ಶಕ್ತಿ ಪಿಂಚಣಿಗಿಲ್ಲವಾದ್ದರಿಂದ ಇದು ನಮ್ಮಿಬ್ಬರ ಕಾಲಕ್ಕೂ ಬಾಳಬೇಕೆಂಬುದು ನನ್ನ ಅಪೇಕ್ಷೆ. ಈ ಕಾರಣದಿಂದ, ಹಿಂದೆ ಪಾಠಶಾಲೆಯಲ್ಲಿ ವ್ಯಾಖ್ಯಾನಗಳನ್ನು ಓದುತ್ತಿದ್ದ ಶ್ರದ್ಧೆಯಿಂದಲೇ ಸೀಸೆಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದತೊಡಗಿದೆನು.

ಓದುತ್ತಿರುವಾಗ ನೆನಪಿಗೆ ಬಂದದ್ದು ಧರ್ಮಶಾಸ್ತ್ರದ ದ್ರವ್ಯಶುದ್ಧಿ ಪ್ರಕರಣ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಈ ವಿಚಾರ ಬರುತ್ತದೆ. ಆ ಗ್ರಂಥದ ಅನೇಕ ಮಾತುಗಳು ನಮ್ಮ ಕಾಲಕ್ಕೆ ಸಲ್ಲವು, ಸಲ್ಲಲೂ ಬಾರದು; ಆದರೆ ಈ ಪ್ರಕರಣದಲ್ಲಿ ಒಂದು ಮನೆವಾರ್ತೆಯ ವಿವೇಕವಿದೆ. ತಾಮ್ರ, ಕಬ್ಬಿಣ, ಹಿತ್ತಾಳೆಗಳಿಗೆ ಕ್ಷಾರ, ಹುಳಿ, ನೀರುಗಳನ್ನು ಯಥೋಚಿತವಾಗಿ ಬಳಸಬೇಕು. ರೇಷ್ಮೆಗೂ ಕುರಿಯ ಉಣ್ಣೆಗೂ ಚೌಳುಮಣ್ಣು. ಕಂಬಳಿಯ ಒಂದು ಜಾತಿಗೆ ಅಂಟುವಾಳ. ನಾರುಮಡಿಗೆ ಬಿಳಿಯ ಸಾಸಿವೆ. ಹೀಗೆ ಪಟ್ಟಿ ಸಾಗುತ್ತದೆ. ಇದರ ತಾತ್ಪರ್ಯವಿಷ್ಟೆ: ಯಾವುದರಿಂದ ತೊಳೆಯಬೇಕೆಂಬುದನ್ನು ಕೊಳೆಯೊಂದೇ ನಿಶ್ಚಯಿಸಲಾರದು, ತೊಳೆಯಿಸಿಕೊಳ್ಳುವ ವಸ್ತುವಿನ ಸ್ವಭಾವವೂ ನಿಶ್ಚಯಿಸಬೇಕು. ಹಿತ್ತಾಳೆಯ ಚೊಂಬನ್ನು ಬೆಳಗುವ ಹುಣಸೆಯಿಂದ ರೇಷ್ಮೆಯ ಪೀತಾಂಬರವನ್ನು ಯಾರೂ ತಿಕ್ಕುವುದಿಲ್ಲ. ಸರ್ವದ್ರವ್ಯಕ್ಕೂ ಒಂದೇ ಸೀಸೆ ಸಾಕೆನ್ನುವ ವರ್ತಕನನ್ನು ಕಂಡಾಗ ಈ ಮಾತನ್ನು ನೆನೆಯುವುದು ಒಳ್ಳೆಯದು.

ಹಾಗಾದರೆ ಕಾರಿನ ಮೈ ಎಂಥ ದ್ರವ್ಯ? ನಮ್ಮ ಕಣ್ಣಿಗೆ ಕಾಣುವುದು ತಗಡಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ, ಗಾಜಿನಂತೆ ತಿಳಿಯಾದ ಒಂದು ಲೇಪ. ಗಾಡಿಯ ಹೊಳಪೆಲ್ಲ ಈ ಕೊನೆಯ ಪದರದ್ದು. ಅದರ ದಪ್ಪ ಸಾಮಾನ್ಯವಾಗಿ ೪೦-೫೦ ಮೈಕ್ರಾನುಗಳ ಆಸುಪಾಸು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನು ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನು. ಅಂದರೆ ಒಂದು ಕೂದಲೆಳೆಗಿಂತ ತೆಳ್ಳಗಿರುವ ಹೊದಿಕೆಯೊಂದು ಬಿಸಿಲು, ಮಳೆ, ಹಕ್ಕಿಯ ಹಿಕ್ಕೆಗಳನ್ನು ವರ್ಷಗಟ್ಟಲೆ ತಡೆದುಕೊಂಡಿರಬೇಕು. ಚರ್ಮ ತರಚಿದರೆ ಮತ್ತೆ ಬೆಳೆಯುತ್ತದೆ. ಈ ಪದರಕ್ಕೆ ಅಂಥ ಶಕ್ತಿಯಿಲ್ಲ. ಸವೆದದ್ದು ಸವೆದಂತೆಯೇ.

ಇನ್ನು ಅದರ ಶತ್ರುವನ್ನು ನೋಡೋಣ. ಬಿ.ಎಚ್. ರಸ್ತೆಯಲ್ಲಿ ಬೇಸಗೆಯ ಒಂದು ಮಧ್ಯಾಹ್ನ ಹೋಗಿಬಂದ ಗಾಡಿಯ ಮೇಲೆ ಕೂರುವ ಧೂಳಿನಲ್ಲಿ ನುಣ್ಣನೆಯ ಮಣ್ಣಿನೊಡನೆ ಬೆಣಚುಕಲ್ಲಿನ ಹರಳುಗಳೂ ಇರುತ್ತವೆ. ಜರ್ಮನ್ ವಿದ್ವಾಂಸನಾದ ಫ್ರೀಡ್ರಿಖ್ ಮೋಸ್ ೧೮೧೨ರಲ್ಲಿ ಏರ್ಪಡಿಸಿದ ಕಾಠಿನ್ಯದ ಕ್ರಮದಲ್ಲಿ ಬೆಣಚು ೭ನೆಯ ಸ್ಥಾನದಲ್ಲಿದೆ. ಗಾಜನ್ನೇ ಗೀರಬಲ್ಲದ್ದು ಅದು. ಬೆಳಗಾದೊಡನೆ ಒಣಬಟ್ಟೆಯಿಂದ ಗಾಡಿಯನ್ನು ಒರೆಸುವುದು ನಮ್ಮ ಬೀದಿಗಳಲ್ಲಿ ಬೇರೂರಿದ ಪದ್ಧತಿ. ಒರೆಸುವವನು ಧೂಳನ್ನು ತೆಗೆಯುತ್ತಿದ್ದೇನೆಂದು ಭಾವಿಸುತ್ತಾನೆ. ಕೈಯ ಭಾರ ಹಾಕಿ ಬೆಣಚಿನ ಹರಳುಗಳನ್ನು ಆ ಪದರದ ಮೇಲೆ ಎಳೆದಾಡಿಸುತ್ತಿರುತ್ತಾನೆ. ಎರಡು ಮೂರು ವರ್ಷ ಹೀಗೆ ಸಾಗಿದ ಗಾಡಿಯನ್ನು ಎಳೆಬಿಸಿಲಿಗೆ ನಿಲ್ಲಿಸಿ ನೋಡಿರಿ: ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂಥ ಸಣ್ಣ ಗೀರುಗಳು ಕಾಣುತ್ತವೆ. ನಾನು ಕಂಡಮಟ್ಟಿಗೆ ಕೊಳೆಯಿಂದ ಕಾಂತಿಗೆಟ್ಟ ಗಾಡಿಗಳಿಗಿಂತ ಶುದ್ಧಿಯಿಂದ ಕಾಂತಿಗೆಟ್ಟವುಗಳೇ ಹೆಚ್ಚು.

ಇಷ್ಟು ತಿಳಿದ ಮೇಲೆ ಆಯ್ಕೆ ಅರ್ಧ ಸುಲಭವಾಗುತ್ತದೆ. ಉಜ್ಜುವ ಮೊದಲು ಹರಳನ್ನು ಸಡಿಲಿಸಿ ಇಳಿಸುವ ಸಾಧನ ಬೇಕು; ಆಮೇಲೆ ಇಳಿದದ್ದನ್ನು ಮತ್ತೆ ಗಾಡಿಗೆ ಮುಟ್ಟಿಸದ ಸಾಧನ ಬೇಕು. ಮೊದಲನೆಯದಕ್ಕೆ ನೀರೇ ಸಾಕು. ಎರಡನೆಯದಕ್ಕೆ ಎರಡು ಬಕೀಟುಗಳು: ಒಂದರಲ್ಲಿ ಸಾಬೂನಿನ ನೀರು, ಮತ್ತೊಂದರಲ್ಲಿ ಬರಿಯ ನೀರು. ಗಾಡಿಯ ಒಂದು ಭಾಗವನ್ನು ತೊಳೆದ ಕೈಗವಸನ್ನು ಬರಿಯ ನೀರಿನಲ್ಲಿ ಜಾಲಿಸಿ, ಹಿಂಡಿ, ಅನಂತರ ಸಾಬೂನಿಗೆ ಅದ್ದಬೇಕು. ಬಕೀಟಿನ ತಳದಲ್ಲಿ ಕೂರಿಸುವ ತೂತುಗಳ ತಟ್ಟೆಯೊಂದು ದೊರೆಯುತ್ತದೆ. ಮರಳು ಅದರ ಕೆಳಗೆ ಇಳಿದು ಮೇಲೇಳದೆ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಆ ತಟ್ಟೆಯನ್ನೆತ್ತಿ ತಳವನ್ನು ನೋಡಿದವನಿಗೆ ಎರಡನೆಯ ಬಕೀಟಿನ ಬೆಲೆ ಹೆಚ್ಚೆಂದು ತೋರದು.

ಬಟ್ಟೆಯ ವಿಷಯದಲ್ಲಿ ಮೈಕ್ರೋಫೈಬರ್ ಎಂಬ ಅರಿವೆಯೇ ಯೋಗ್ಯವಾದದ್ದು. ರೇಷ್ಮೆಗಿಂತ ಸಣ್ಣ ಎಳೆಗಳನ್ನು ಕೈಗಾರಿಕೆಯಲ್ಲಿ ತೆಗೆಯುವ ವಿದ್ಯೆ ಈಚಿನದು. ೧೯೭೦ರಲ್ಲಿ ಜಪಾನಿನ ಟೋರೇ ಸಂಸ್ಥೆಯ ಮಿಯೋಷಿ ಒಕಾಮೋಟೋ ಎಂಬುವರು ಅಂತಹ ಎಳೆಗಳಿಂದ ಚರ್ಮವನ್ನು ಹೋಲುವ ಬಟ್ಟೆಯನ್ನು ತಯಾರಿಸಿದರು. ಈಗಿನ ಒರೆಸುವ ಬಟ್ಟೆಯಲ್ಲಿ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಂಬ ಎರಡು ಬಗೆಯ ಎಳೆಗಳು ಬೆರೆತಿರುತ್ತವೆ. ೮೦ಕ್ಕೆ ೨೦ ಅಥವಾ ೭೦ಕ್ಕೆ ೩೦ ಎಂದು ಅಚ್ಚಾಗಿರುವುದು ಈ ಬೆರಕೆಯ ಪ್ರಮಾಣ. ಜೊತೆಗೆ ೩೫೦, ೫೦೦ ಎಂಬ ಅಂಕಿಗಳಿದ್ದರೆ ಅವು ಒಂದು ಚದರ ಮೀಟರು ಬಟ್ಟೆಯ ತೂಕವನ್ನು ಗ್ರಾಮಿನಲ್ಲಿ ಹೇಳುತ್ತವೆ. ನೀರು ಹೀರಲು ದಪ್ಪನೆಯದು, ಗಾಜಿಗೆ ತೆಳ್ಳನೆಯದು. ಅಂಚಿನ ಹೊಲಿಗೆ ಒರಟಾಗಿರದಂತೆ ನೋಡಿ ಕೊಳ್ಳಬೇಕು. ಇವುಗಳನ್ನು ಬೇರೆಯಾಗಿ ಒಗೆಯಬೇಕು. ಬಟ್ಟೆ ಮೆತ್ತಗಾಗಲೆಂದು ಹಾಕುವ ದ್ರವವನ್ನು ಮಾತ್ರ ಸೋಕಿಸಬಾರದು, ಅದು ಎಳೆಗಳಿಗೆ ಅಂಟಿ ಅವುಗಳ ಹೀರುವ ಗುಣವನ್ನು ಕುಗ್ಗಿಸುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಗಾಡಿಗೆ ಮುಟ್ಟಿಸಕೂಡದು. ಮಡಿಯ ಅರ್ಥ ಬಲ್ಲ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಾಬೂನು ಕೊಳ್ಳುವಾಗ ಅದು ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಮಧ್ಯಸ್ಥ ಗುಣದ್ದೇ ಎಂದು ವಿಚಾರಿಸಿದರೆ ಸಾಕು. ಪಾತ್ರೆಯ ಜಿಡ್ಡು ಬಿಡಿಸುವ ದ್ರವವು ಜಿಡ್ಡಿನೊಡನೆ ಗಾಡಿಗೆ ಬಳಿದ ಮೇಣವನ್ನೂ ಬಿಡಿಸುತ್ತದೆ. ತೊಳೆದ ಮೇಲೂ ಕೆಲವು ಕಲ್ಮಷಗಳು ಅಂಟಿಕೊಂಡಿರುವುದುಂಟು. ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ತೊಳೆದ ಮೈಯನ್ನು ಹಗುರವಾಗಿ ಸವರಿದರೆ ಅವು ತರಿತರಿಯಾಗಿ ಬೆರಳಿಗೆ ತಿಳಿಯುತ್ತವೆ. ಅವನ್ನು ತೆಗೆಯಲು ಜೇಡಿಮಣ್ಣಿನಂಥ ಒಂದು ಮುದ್ದೆ ಮಾರಾಟಕ್ಕಿದೆ. ಅದನ್ನು ಜಾರುವ ದ್ರವದೊಡನೆ, ವರ್ಷಕ್ಕೊಂದೆರಡು ಸಲ ಮಾತ್ರ ಬಳಸತಕ್ಕದ್ದು.

ಇಲ್ಲಿ ಎರಡು ಶಬ್ದಗಳ ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಪಾಲಿಷ್ ಬೇರೆ, ಮೇಣ ಬೇರೆ. ಪಾಲಿಷಿನಲ್ಲಿ ಸಾಣೆಯ ಪುಡಿಯಿರುತ್ತದೆ. ಅದು ಗೀರಿನ ಸುತ್ತಲಿನ ಪದರವನ್ನು ಸವೆಸಿ ಸಮಮಾಡುವುದರಿಂದ ಗೀರು ಕಾಣದಂತಾಗುತ್ತದೆ. ಮೇಣ ಏನನ್ನೂ ತೆಗೆಯದು. ಮೇಲೆ ಹೊದಿಕೆಯಾಗಿ ಕೂರುತ್ತದೆ. ಈಶಾನ್ಯ ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಗಳಿಂದ ಬರುವ ಕಾರ್ನೌಬಾ ಮೇಣ ಸ್ವಾಭಾವಿಕ ಮೇಣಗಳಲ್ಲಿ ಬಹಳ ಗಟ್ಟಿ. ೮೦ ಡಿಗ್ರಿ ಸೆಂಟಿಗ್ರೇಡಿಗೂ ಮೇಲ್ಪಟ್ಟ ಶಾಖಕ್ಕೆ ಅದು ಕರಗುವುದು. ಸಿರಾಮಿಕ್ ಎಂದು ಹೆಸರಾದ ಲೇಪಗಳು ಮೇಣಕ್ಕಿಂತ ಹೆಚ್ಚು ಕಾಲ ನಿಲ್ಲುತ್ತವೆ, ಆದರೆ ಬೆಣಚಿನ ಮುಂದೆ ಅವೂ ಅಜೇಯವಲ್ಲ. ಒಂದು ಅಂಗಡಿಯಲ್ಲಿ ನನಗೆ ಆರು ತಿಂಗಳಿಗೊಮ್ಮೆ ಯಂತ್ರದಿಂದ ಪಾಲಿಷ್ ಮಾಡಿಸಿರೆಂದು ಹೇಳಿದರು. ಪ್ರತಿ ಸಲವೂ ಎಷ್ಟು ಮೈಕ್ರಾನು ಸವೆಯುವುದೆಂದು ಕೇಳಿದೆ. ಉತ್ತರ ಬರಲಿಲ್ಲ, ರಿಯಾಯಿತಿಯ ಮಾತು ಬಂತು. ಉಳಿದಿರುವ ಆಸ್ತಿಯ ಲೆಕ್ಕವಿಲ್ಲದೆ ಖರ್ಚು ಮಾಡಿಸುವವರೊಡನೆ ವ್ಯವಹಾರ ಬೇಡವೆಂದು ಹಿಂದಿರುಗಿದೆನು. ಸ್ವತಃ ಪಾಲಿಷ್ ಮಾಡಲೇಬೇಕೆನ್ನುವವರು ಒಂದೇ ಅಚ್ಚಿನ ಮೇಲೆ ಭರದಿಂದ ಸುತ್ತುವ ಯಂತ್ರವನ್ನು ಬಿಟ್ಟು, ಸುತ್ತುತ್ತ ಓಲಾಡುವ ಇಮ್ಮಡಿ ಚಲನೆಯದನ್ನು ಕೊಳ್ಳುವುದು ಕ್ಷೇಮ. ಮೊದಲನೆಯದು ಒಂದೇ ಕಡೆ ಕಾವೇರಿಸಿ ಪದರವನ್ನು ಸುಟ್ಟುಬಿಡಬಲ್ಲದು.

ಗಾಲಿಯ ತೊಳೆಯುವಿಕೆಗೆಂದು ಮಾರುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅದರ ಸಂಬಂಧದ ಲವಣಗಳಿರುವುದುಂಟು. ಆ ಆಮ್ಲ ಚರ್ಮದೊಳಗಿಳಿದು, ನೋವು ತಡವಾಗಿ ಕಾಣಿಸಿಕೊಂಡು, ಆಳವಾದ ಹಾನಿ ಮಾಡುತ್ತದೆ. ಅಂಥ ಸೀಸೆಗೆ ನನ್ನ ಮನೆಯಲ್ಲಿ ಪ್ರವೇಶವಿಲ್ಲ. ಸಾಬೂನಿನ ನೀರೂ ಒಂದು ಬೇರೆ ಕುಂಚವೂ ಗಾಲಿಗೆ ಸಾಕಾಗಿವೆ. ಗಾಡಿಯ ಒಳಗಣ ವಿಚಾರ ನನಗೆ ಇನ್ನೂ ಮುಖ್ಯವಾದದ್ದು. ಮುಂಭಾಗದ ಹಲಗೆಗೆ ಹೊಳಪು ಕೊಡುವ ಎಣ್ಣೆಗಳು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತವೆ; ಅವುಗಳ ಕಡುವಾಸನೆಯೂ, ನೇತುಹಾಕುವ ಸುಗಂಧದ ಬಿಲ್ಲೆಗಳೂ ಉಬ್ಬಸದವರ ಉಸಿರನ್ನು ಹಿಡಿಯಬಲ್ಲವು. ಉಸಿರಿಗಾಗಿಯೇ ಕೊಂಡ ಗಾಡಿಯಲ್ಲಿ ಉಸಿರು ಕಟ್ಟಿಸುವ ವಸ್ತುವನ್ನಿಡುವುದು ಯಾವ ನ್ಯಾಯ? ಧೂಳನ್ನು ಎಬ್ಬಿಸದೆ ಹೀರಿಕೊಳ್ಳುವ ಯಂತ್ರ, ಒದ್ದೆಮಾಡಿ ಹಿಂಡಿದ ಬಟ್ಟೆ, ನೆರಳಿನಲ್ಲಿ ಬಾಗಿಲು ತೆರೆದ ಅರ್ಧ ಗಂಟೆ, ಒಳಗಿನ ಶುದ್ಧಿಗೆ ಇವೇ ನನ್ನ ದ್ರವ್ಯಗಳು.

ನೀರಿನ ಮಾತನ್ನು ಕಡೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದನ್ನು ಯಾರೂ ಸಾಮಗ್ರಿಯೆಂದು ಎಣಿಸುವುದಿಲ್ಲ. ನಮ್ಮ ಪಟ್ಟಣಕ್ಕೆ ಹೇಮಾವತಿಯ ನೀರು ಬುಗುಡನಹಳ್ಳಿಯ ಕೆರೆಗೆ ಬಂದು ಅಲ್ಲಿಂದ ಹಂಚಿಕೆಯಾಗುತ್ತದೆ. ಅದು ಕುಡಿಯುವವರ ನೀರು. ಕೊಳವೆಬಾವಿಯ ನೀರಾದರೋ ಗಡಸು. ಅದರಲ್ಲಿ ಕರಗಿರುವ ಸುಣ್ಣ, ಮೆಗ್ನೀಸಿಯದ ಲವಣಗಳು ಬಿಸಿಲಿನಲ್ಲಿ ಒಣಗಿ ಗಾಡಿಯ ಮೇಲೆ ಬಿಳಿಯ ಚುಕ್ಕೆಗಳಾಗುತ್ತವೆ. ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಲಿಯವರು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ ತಪ್ಪಿದವರಿಗೆ ೫,೦೦೦ ರೂಪಾಯಿ ದಂಡವೆಂದು ಸಾರಬೇಕಾಯಿತು. ದಂಡಕ್ಕೆ ಕಾಯದೆ ನಾವೇ ಮಾಡಿಕೊಳ್ಳಬಹುದಾದ ಏರ್ಪಾಡುಗಳಿವೆ. ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟರೆ ಅದು ಮೆದು ನೀರು, ಚುಕ್ಕೆ ಬೀಳದು. ಕೊಳಾಯಿಯ ರಬ್ಬರು ನಳಿಗೆಯ ಬದಲು ಕೈಯಿಂದ ಒತ್ತಿ ಸಿಂಪಡಿಸುವ ಪಾತ್ರೆಯನ್ನಿಟ್ಟುಕೊಂಡರೆ ಎರಡು ಬಕೀಟು ನೀರಿನ ಜೊತೆಗೆ ಇನ್ನಷ್ಟು ತಂಬಿಗೆಗಳಲ್ಲಿ ಸ್ನಾನ ಮುಗಿಯುತ್ತದೆ. ಧೂಳು ತೆಳುವಾಗಿರುವಾಗ, ಹರಳನ್ನು ಸುತ್ತಿ ಜಾರಿಸುವ ಗುಣವುಳ್ಳ, ಮತ್ತೆ ತೊಳೆಯಬೇಕಾಗದ ದ್ರವಗಳೂ ಈಗ ದೊರೆಯುತ್ತವೆ. ಅವಕ್ಕೆ ಒಂದೇ ಬಕೀಟು ನೀರು ಸಾಕು. ಬರಗಾಲದ ತಿಂಗಳುಗಳಲ್ಲಿ ನಾನು ಕೊಡುವ ದುಡ್ಡಿಗೆ ಸಾರ್ಥಕವೆನಿಸಿದ ಸೀಸೆ ಅದೊಂದೆ.

ಒಟ್ಟಿನಲ್ಲಿ ನನ್ನ ಬಡುವಿನಲ್ಲಿರುವುದು ಇಷ್ಟು: ಬಕೀಟು ಎರಡು, ತಟ್ಟೆ ಒಂದು, ಕೈಗವಸು ಎರಡು, ಬಟ್ಟೆ ಆರು, ಗಾಲಿಯ ಕುಂಚ, ಸಿಂಪಡಿಸುವ ಪಾತ್ರೆ, ಸೌಮ್ಯವಾದ ಸಾಬೂನು, ತೊಳೆಯಬೇಕಾಗದ ದ್ರವ, ಮುದ್ದೆ, ಮೇಣದ ಡಬ್ಬಿ. ಇವುಗಳಲ್ಲಿ ಅತಿ ಕಡಮೆ ಬೆಲೆಯವೇ ಅತಿ ಹೆಚ್ಚು ಉಪಕಾರ ಮಾಡುತ್ತಿವೆ.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇನೆ. ಸ್ವತಃ ತೊಳೆಯಲು ಬಿಡುವಿಲ್ಲದವರು ನಮ್ಮ ಬೀದಿಯಲ್ಲಿ ಒಬ್ಬ ಹುಡುಗನಿಗೆ ತಿಂಗಳ ಸಂಬಳ ಗೊತ್ತುಮಾಡಿದ್ದಾರೆ. ಅವನು ನಸುಕಿನಲ್ಲಿ ಎಂಟು ಗಾಡಿಗಳನ್ನು ಒಂದೇ ಬಕೀಟು, ಒಂದೇ ಚಿಂದಿಯಿಂದ ಒರೆಸುತ್ತಾನೆ. ಮೊದಲನೆಯ ಗಾಡಿಯ ಮರಳು ಎಂಟನೆಯದರವರೆಗೂ ಪ್ರಯಾಣ ಮಾಡುತ್ತದೆ. ಗೀರು ಕಂಡ ಯಜಮಾನರು ಗದರಿಸುವುದು ಅವನನ್ನು. ಗಾಡಿಯ ಲೇಪಕ್ಕೆ ಸಾವಿರಗಟ್ಟಲೆ ತೆತ್ತವರು ಅವನ ಕೈಗೆ ಇನ್ನೊಂದು ಬಕೀಟನ್ನೂ ತಮ್ಮ ತಮ್ಮ ಗಾಡಿಗೆ ಬೇರೆ ಬೇರೆಯಾಗಿ ಎರಡು ಒಳ್ಳೆಯ ಬಟ್ಟೆಗಳನ್ನೂ ಕೊಡಲಿಲ್ಲ. ಕಳೆದ ತಿಂಗಳು ಆ ಎಂಟು ಮನೆಗಳಲ್ಲಿ ಮೂವರೊಡನೆ ಈ ವಿಷಯ ಮಾತಾಡಿದೆನು; ಇಬ್ಬರು ತರಿಸಿಕೊಟ್ಟಿದ್ದಾರೆ. ಸಾಮಗ್ರಿಯನ್ನು ಆರಿಸುವವನು ತಾನು, ಅದನ್ನು ಹಿಡಿಯುವ ಕೈ ಪರರದು ಎಂದಾಗ ಆಯ್ಕೆಯ ಹೊಣೆ ಕಡಮೆಯಾಗುವುದಿಲ್ಲ. ಉಳಿದವರ ಮನೆಗಳಿಗೂ ಒಂದೊಂದು ಸಂಜೆ ಹೋಗಿಬರಬೇಕೆಂದಿದ್ದೇನೆ.