ಬದಿಯಲ್ಲಿ ನಿಂತ ಹುಡುಗಿ

ವಾಚಕ ಸೋದರ ಸೋದರಿಯರು ಮೊದಲೇ ಕ್ಷಮಿಸಬೇಕು. ಈ ಸಲ ನಾವು ಬರೆಯ ಹೊರಟಿರುವದು ಚಿತ್ರದಲ್ಲಿಯ ಒಬ್ಬ ಹುಡುಗಿಯ ವಿಷಯ. ಅವಳು ಜಪಾನ ದೇಶದವಳು. ಕಥೆಗೆ ನಾಯಕಿಯೂ ಅಲ್ಲ. ಆದರೆ ಅವಳ ನಿಮಿತ್ತವಾಗಿ ನಮ್ಮ ತಪ್ಪೊಂದು ನಮಗೆ ತಿಳಿದುದರಿಂದ ಹೇಳದೆ ಇರಲಾರೆವು.

ನಮ್ಮ ಮನೆತನದಲ್ಲಿ ಮಾತಿಗೆ ಬಡತನವಿಲ್ಲ. ಬಸವಕಲ್ಯಾಣದಲ್ಲಿ ಬಸ್ಸು ಹತ್ತಿದೆವೆಂದರೆ ರಾಜೇಶ್ವರ ದಾಟಿ ಹುಮನಾಬಾದ ಬರುವ ತನಕ ಪಕ್ಕದವನೊಡನೆ ಕನ್ನಡದಲ್ಲಿ ಸುರುಮಾಡಿ, ಮರಾಠಿಯಲ್ಲಿ ಹಾಯ್ದು, ಉರ್ದುವಿನಲ್ಲಿ ಮುಗಿಸುವ ಜನ ನಾವು. ಇಂಥ ವಂಶದಲ್ಲಿ ಹುಮನಾಬಾದಕ್ಕೆ ಕೊಟ್ಟ ನಮ್ಮ ಮಗಳ ಹೊಟ್ಟೆಯಲ್ಲಿ ಒಂದು ಮೌನದ ಕೂಸು ಹುಟ್ಟಿತು. ಈಗ ಅವಳಿಗೆ ಹನ್ನೆರಡು ವರ್ಷ. ಮನೆಗೆ ಬಂದವರು ಹೆಸರು ಕೇಳಿದರೆ ನೆಲ ನೋಡುವಳು. ಅವಳು ತಲೆಯೆತ್ತುವದರೊಳಗಾಗಿ ನಾವೇ ಹೆಸರು, ತರಗತಿ, ಗುಣಾಂಕಗಳನ್ನೆಲ್ಲ ಒಪ್ಪಿಸಿ, "ಇದರ ಬಾಯಿಗಿ ಕೀಲಿ ಹಾಕ್ಯಾರ್ರಿ" ಎಂದು ನಗೆಮಾತನ್ನೂ ಕೂಡಿಸುತ್ತಿದ್ದೆವು. ಅದು ವಾತ್ಸಲ್ಯವೆಂದೇ ನಮ್ಮ ತಿಳಿವಳಿಕೆಯಾಗಿತ್ತು.

ಕಳೆದ ವರ್ಷ ಅವಳ ಶಾಲೆಯ ಸ್ನೇಹಸಮ್ಮೇಲನದಲ್ಲಿ ಕಲ್ಯಾಣದ ಕಥೆಯನ್ನು ನಾಟಕವಾಗಿ ಆಡುವದೆಂದು ಗೊತ್ತಾಯಿತು. ಕಥೆ ಎಲ್ಲರಿಗೂ ತಿಳಿದದ್ದೇ. ಬಿಜ್ಜಳನು 1162ರಲ್ಲಿ ಕಲ್ಯಾಣದ ಗದ್ದುಗೆಯನ್ನು ತನ್ನದಾಗಿಸಿಕೊಂಡ ಮೇಲಿನ ಕಾಲ. ಶರಣರಲ್ಲಿ ಸಮಗಾರ ಹರಳಯ್ಯನ ಮಗ ಶೀಲವಂತನಿಗೆ ಬ್ರಾಹ್ಮಣ ಕುಲದ ಮಧುವರಸನು ತನ್ನ ಮಗಳನ್ನು ಕೊಟ್ಟನೆಂದೂ, ಅದಕ್ಕಾಗಿ ಬೀಗರಿಬ್ಬರಿಗೂ ಘೋರ ಶಿಕ್ಷೆಯಾಗಿ ಕಲ್ಯಾಣವು ಹೊತ್ತಿ ಉರಿಯಿತೆಂದೂ ಪರಂಪರೆ ಹೇಳುತ್ತದೆ. ಆ ಮದುವಣಗಿತ್ತಿಯ ಪಾತ್ರ ನಮ್ಮ ಮೊಮ್ಮಗಳಿಗೆ ಬಂದಿತ್ತು. ಮಾಲೆ ಹಿಡಿದು ಬಂದು, ತಾಯಿಯ ಬದಿಗೆ ತಲೆ ತಗ್ಗಿಸಿ ನಿಲ್ಲತಕ್ಕದ್ದು. ಮಾತು ಒಂದೂ ಇಲ್ಲ.

ಕೇಳಿದ ಕೂಡಲೆ ನಮಗೆ ಅವಮಾನವಾದಂತಾಯಿತು. ಮರುದಿನವೇ ಹುಮನಾಬಾದಕ್ಕೆ ಹೋಗಿ ಮಾಸ್ತರರನ್ನು ಕಂಡೆವು. ಪಾಪ, ಒಳ್ಳೆಯವರು, ಹಿರಿಯರ ಮಾತು ಮೀರಬಾರದೆಂದು ಅವಳಿಗೆ ನಾಲ್ಕು ಸಾಲು ಬರೆದುಕೊಟ್ಟರು. ನಾವು ಗೆದ್ದವರಂತೆ ಪೇಢೆ ಕಟ್ಟಿಸಿಕೊಂಡು ಮನೆಗೆ ಬಂದೆವು. ಆ ಮೂಕ ಪಾತ್ರವನ್ನು ಅವಳೇ ಬೇಡಿ ಪಡೆದಿದ್ದಳೆಂಬುದು ನಮಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ನಾಟಕದ ದಿನ ಅವಳಿಗೆ ಹೊಟ್ಟೆನೋವು. ಬೇರೆ ಹುಡುಗಿಯೊಬ್ಬಳು ಮಾಲೆ ಹಿಡಿದು ಬಂದು ಆ ನಾಲ್ಕು ಸಾಲುಗಳನ್ನು ಚೊಕ್ಕಟವಾಗಿ ಹೇಳಿದಳು. ನಾವು ಮುಂದಿನ ಕುರ್ಚಿಯಲ್ಲಿ ಕುಳಿತು ಕೈ ತಟ್ಟಿದೆವು. ತಟ್ಟದೆ ಮಾಡುವದೇನು?

ಆ ರಾತ್ರಿ ಮಗಳ ಮನೆಯಲ್ಲಿಯೇ ಉಳಿದೆವು. ಕೂಸು ಗೋಡೆಯ ಕಡೆಗೆ ಮುಖಮಾಡಿ ತಾಯಿಯ ಫೋನಿನಲ್ಲಿ ಏನನ್ನೋ ನೋಡುತ್ತ ಮಲಗಿತ್ತು. ಬೈಯುವ ಧೈರ್ಯವಾಗದೆ ಬದಿಗೆ ಕುಳಿತು ನಾವೂ ನೋಡಿದೆವು. ಹುಡುಗರು ಅನಿಮೆ ಎಂದು ಕರೆಯುವ ಜಪಾನಿನ ಚಲಿಸುವ ಚಿತ್ರಕಥೆ ಅದು; ಹೆಸರು 'ನರುಟೊ'. ಮಸಾಶಿ ಕಿಶಿಮೊಟೊ ಎಂಬವರು 1999ರಿಂದ 2014ರ ವರೆಗೆ ವಾರಪತ್ರಿಕೆಯಲ್ಲಿ ಬರೆದ ಕಥೆಯನ್ನು 2002ರಿಂದ ದೂರದರ್ಶನಕ್ಕೆ ತಂದರಂತೆ. ಮೊದಲ ಮಾಲಿಕೆಯಲ್ಲಿ 220, ಎರಡನೆಯದರಲ್ಲಿ 500 ಸಂಚಿಕೆಗಳು. ನಮ್ಮ ಪುರಾಣಪ್ರವಚನಗಳು ದೀರ್ಘವಾದವೆಂದು ದೂರುವವರು ಇದನ್ನು ಗಮನಿಸಬೇಕು.

ಕಥಾನಾಯಕ ನರುಟೊ ಎಂಬ ಹುಡುಗ ಗದ್ದಲದವ, ನಮ್ಮ ಮನೆಯವನೇ ಎನ್ನಬೇಕು. ನಮ್ಮ ಕೂಸಿಗೆ ಮೆಚ್ಚಾದವಳು ಅವನಲ್ಲ, ಮರದ ಮರೆಯಲ್ಲಿ ನಿಂತು ಅವನನ್ನು ನೋಡುವ ಹಿನಾತಾ. ಅವಳ ಮನೆತನದವರ ಬಿಳಿಗಣ್ಣಿಗೆ ಗೋಡೆಯಾಚೆಯದೂ ಕಾಣುವದಂತೆ. ಆದರೆ ಎದುರಿಗೆ ನಿಂತವನೊಡನೆ ಮಾತು ತೊದಲುವದು. ಎರಡು ತೋರುಬೆರಳುಗಳ ತುದಿ ಕೂಡಿಸಿ ಒತ್ತುತ್ತ ನಿಲ್ಲುವಳು. ಇವಳು ಕೈಲಾಗದವಳೆಂದು ತಂದೆಯೇ ತೀರ್ಮಾನಿಸಿ ತಂಗಿಯ ಕಡೆಗೆ ಲಕ್ಷ್ಯ ಕೊಟ್ಟಿದ್ದಾನೆ. ಆ ತಂದೆಯ ಬಿಗಿದ ಮುಖವನ್ನು ನೋಡುತ್ತ ನಮಗೆ ಕುಳಿತಲ್ಲಿ ಸ್ವಲ್ಪ ಮುಜುಗರವಾಯಿತು.

ಪರೀಕ್ಷೆಯ ಕಾಳಗವೊಂದರಲ್ಲಿ ಅವಳಿಗೆ ಸ್ವಂತ ಚಿಕ್ಕಪ್ಪನ ಮಗನೇ ಎದುರಾಳಿ. ಮನುಷ್ಯರು ಬದಲಾಗುವದಿಲ್ಲ, ಬಿಟ್ಟುಹೋಗು ಎಂದು ಅವನು ಮಾತಿನಿಂದಲೇ ಅವಳನ್ನು ಅರ್ಧ ಸೋಲಿಸುತ್ತಾನೆ. ಮೇಲಿನ ಕಟ್ಟೆಯಿಂದ ನರುಟೊ ಕೂಗುತ್ತಾನೆ. ಇಲ್ಲಿ ನಾವು ಕಂಡದ್ದೇನೆಂದರೆ, ಅವನು ಅವಳ ಪರವಾಗಿ ಕೆಳಗಿಳಿದು ಕಾದುವದಿಲ್ಲ. ಕೂಗಿ, ನಿಂತು, ನೋಡುತ್ತಾನೆ. ಅವಳು ಏಳುತ್ತಾಳೆ, ಬೀಳುತ್ತಾಳೆ, ಮತ್ತೆ ಏಳುತ್ತಾಳೆ. ಗೆಲ್ಲುವದಿಲ್ಲ. ಮುಂದೆ ಎರಡನೆಯ ಮಾಲಿಕೆಯ 166ನೆಯ ಸಂಚಿಕೆಯಲ್ಲಿ, ಊರನ್ನೇ ನೆಲಸಮ ಮಾಡಿದ ವೈರಿಯ ಎದುರಿಗೆ, ನರುಟೊ ನೆಲಕ್ಕೆ ಬಿದ್ದಾಗ, ಬಲ್ಲಿದರೆಲ್ಲ ದೂರವಿರಲು ಇವಳೊಬ್ಬಳೇ ಮುಂದೆ ಬರುತ್ತಾಳೆ. ತನ್ನ ಪ್ರೀತಿಯನ್ನು ಅಲ್ಲಿಯೇ ಹೇಳುತ್ತಾಳೆ. ಆ ಮಾತಿನಲ್ಲಿ ತೊದಲಿಲ್ಲ.

ಚಿತ್ರ ಮುಗಿದ ಮೇಲೆ ಕೂಸು ಮೆಲ್ಲಗೆ ಕೇಳಿತು:

"ಆಕಿಗಿ ಯಾರೂ ಕೇಳೇ ಇಲ್ಲೇನ್ರಿ ಮುತ್ಯಾ?"

ಹಿನಾತಾಳ ಮಾತೆಂದು ತಿಳಿದು ನಾವು, "ಯಾರ್ ಕೇಳಬೇಕಾಗಿತ್ತವ್ವ?" ಎಂದೆವು.

"ಹಿನಾತಾಗಲ್ರಿ. ನಾಟಕದಾನ ಮದಲಗಿತ್ತಿಗಿ. ಲಗ್ನ ಆಗ್ತೀ ಏನಂತ."

ನಮ್ಮ ನಾಲಿಗೆ ಅಂದು ಏಳಲಿಲ್ಲ. ಅರವತ್ತೆಂಟು ವರ್ಷ ಈ ಊರಿನ ಮಣ್ಣಿನಲ್ಲಿ ನಡೆದಾಡಿದವರು ನಾವು. ಹರಳಯ್ಯನಿಗಾಗಿ ಕಣ್ಣೀರಿಟ್ಟಿದ್ದೇವೆ, ಮಧುವರಸನ ಧೈರ್ಯವನ್ನು ಹೊಗಳಿದ್ದೇವೆ, ಬಸವಣ್ಣನವರು ಕೂಡಲಸಂಗಮಕ್ಕೆ ಹೊರಟುಹೋದ ಸಂಗತಿಯನ್ನು ನೂರು ಸಲ ಹೇಳಿದ್ದೇವೆ. ಆ ಹುಡುಗಿಯನ್ನು ಮಾತ್ರ ಒಮ್ಮೆಯೂ ನೆನೆದಿರಲಿಲ್ಲ. ಅವಳ ಹೆಸರಾದರೂ ಒಂದೇ ಆಗಿದೆಯೆ? ಗಿರೀಶ ಕಾರ್ನಾಡರ 1990ರ 'ತಲೆದಂಡ'ದಲ್ಲಿ ಅವಳು ಕಲಾವತಿ. ಜನರ ಬಾಯಲ್ಲಿ ಲಾವಣ್ಯ. ಆಶ್ಚರ್ಯದ ಸಂಗತಿಯೆಂದರೆ, ಹೆಂಗಸರ ಮಾತನ್ನು ಬರೆದಿಟ್ಟು ಕಾಯ್ದ ಕಾಲ ಅದು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ಉಳಿದಿವೆ. ಬಿದ್ದ ಅಕ್ಕಿಯನ್ನು ಆಯ್ದು ತಂದ ಗಂಡನಿಗೆ ಇಷ್ಟು ಅಕ್ಕಿ ನಮಗೇಕೆಂದು ತಿದ್ದಿ ಹೇಳಿದ ಲಕ್ಕಮ್ಮನ ಮಾತು ಉಳಿದಿದೆ. ಬಸವಣ್ಣನವರ ಅಕ್ಕ ನಾಗಮ್ಮನವರ ಮಾತು ಉಳಿದಿದೆ. ಯಾರ ಕೈಯಲ್ಲಿಯ ಮಾಲೆಯಿಂದ ಕಲ್ಯಾಣದ ಹಣೆಬರಹವೇ ತಿರುಗಿತೋ ಅವಳದೊಂದು ಮಾತೂ ನಮ್ಮ ಕಿವಿಗೆ ಬಿದ್ದಿಲ್ಲ. ಅವಳು ನಾಚಿ ಸುಮ್ಮನಿದ್ದಳೋ, ಹೇಳುವದರೊಳಗಾಗಿ ಯಾರಾದರೂ ಮುತ್ಯಾ ಅವಳ ಪರವಾಗಿ ಹೇಳಿಬಿಟ್ಟರೋ!

ನಾವು ಮೊಮ್ಮಗಳಿಗೆ, "ನೀ ಆ ಪಾರ್ಟ್ ಯಾಕ ಬೇಡಿದ್ದೆವ್ವ?" ಎಂದು ಕೇಳಿದೆವು. ಬಹಳ ಹೊತ್ತಾದ ಮೇಲೆ ಉತ್ತರ ಬಂದಿತು. ಮಾತಿಲ್ಲದಿದ್ದರೂ ಎಲ್ಲರೂ ತನ್ನನ್ನೇ ನೋಡುತ್ತಾರೆ, ತಾನು ಸುಮ್ಮನೆ ನಿಂತು ಮುಖದಿಂದಲೇ ಮಾಡಿ ತೋರಿಸುವವಳಿದ್ದೆ, ಕನ್ನಡಿಯ ಮುಂದೆ ಹತ್ತು ದಿನ ಕಲಿತಿದ್ದೆ ಎಂದಳು. ಆಮೇಲೆ ಹೊದಿಕೆ ಎಳೆದುಕೊಂಡಳು.

ದಸರೆಯ ಬಿಡುವಿನಲ್ಲಿ ಅವಳು ಬಸವಕಲ್ಯಾಣಕ್ಕೆ ಬಂದಾಗ ಅಕ್ಕ ನಾಗಮ್ಮನ ಗವಿಗೆ ಕರೆದೊಯ್ದೆವು. ಅಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಅವಳ ಗದ್ದ ಹಿಡಿದು, "ಯಾವೂರಾಕಿ ಅವ್ವ ನೀ? ಯಾರ ಮಗಳು?" ಎಂದಳು. ನಮ್ಮ ಬಾಯಿ ತೆರೆಯಿತು. ತೆರೆದ ಬಾಯಿಗೆ ಅಡಿಕೆಯ ಚೂರೊಂದನ್ನು ಹಾಕಿಕೊಂಡು ಗವಿಯ ಕಲ್ಲನ್ನು ನೋಡುತ್ತ ನಿಂತೆವು. ಕೂಸು ತೋರುಬೆರಳುಗಳೆರಡನ್ನೂ ಕೂಡಿಸಿ ಒತ್ತಿತು. ಅಡಿಕೆ ನುರಿಯಿತು, ಉತ್ತರವಿಲ್ಲ. ಕೊನೆಗೆ, ಬಹಳ ಸಣ್ಣ ದನಿಯಲ್ಲಿ, "ಹುಮನಾಬಾದರಿ" ಎಂದಿತು.

ಮುದುಕಿಗೆ ಕಿವಿ ಮಂದ. ಏನಂದಿ ಎಂದು ಇನ್ನೊಮ್ಮೆ ಕೇಳಿದಳು. ನಾವು ಇನ್ನೊಂದು ಚೂರು ಅಡಿಕೆ ಹಾಕಿಕೊಂಡೆವು.