ಹಳೆಯ ವಿದ್ಯಾರ್ಥಿಗಳ ಕ್ಷೇಮ ಸಮಾಚಾರ

ಕಾಲೇಜು ಬಿಟ್ಟು ಇಪ್ಪತ್ತು ವರ್ಷವಾದ ಗೃಹಸ್ಥನೊಬ್ಬನ ಕೈಗೆ ಹಳೆಯ ವಿದ್ಯಾರ್ಥಿಗಳ ಸಂಘದ ಪತ್ರಿಕೆ ಬಂತೆನ್ನಿ. ಅಧ್ಯಕ್ಷರ ಸಂದೇಶವನ್ನು ಅವನು ಓದುವುದಿಲ್ಲ. ಹೊಸ ಕಟ್ಟಡದ ಚಿತ್ರದ ಮೇಲೂ ಅವನ ಕಣ್ಣು ನಿಲ್ಲುವುದಿಲ್ಲ. ನೇರವಾಗಿ ಕೊನೆಯ ಪುಟಗಳಿಗೆ ಹೋಗುತ್ತಾನೆ. ಅಲ್ಲಿ ಸಣ್ಣ ಅಕ್ಷರಗಳಲ್ಲಿ, ತೇರ್ಗಡೆಯಾದ ವರ್ಷದ ಕ್ರಮದಲ್ಲಿ, ಹಳೆಯ ಮಿತ್ರರ ಸಮಾಚಾರ ಇರುತ್ತದೆ. ಒಬ್ಬರು ಮುಖ್ಯ ಎಂಜಿನಿಯರರಾದರು. ಇನ್ನೊಬ್ಬರಿಗೆ ಡಾಕ್ಟರೇಟು ಬಂತು. ಮತ್ತೊಬ್ಬರು ಅಮೆರಿಕದಲ್ಲಿ ಮನೆ ಕಟ್ಟಿಸಿದರು. ಪರೀಕ್ಷೆಯ ಹಿಂದಿನ ರಾತ್ರಿ ಟಿಪ್ಪಣಿ ಪುಸ್ತಕ ಬೇಡಿ ಬಂದಿದ್ದವನು ಈಗ ಬ್ಯಾಂಕಿನ ಮಹಾಪ್ರಬಂಧಕ! ಗೃಹಸ್ಥನು ಕನ್ನಡಕವನ್ನು ಒರೆಸಿಕೊಂಡು ಇನ್ನೊಮ್ಮೆ ಓದುತ್ತಾನೆ. ಒಳಗಿನಿಂದ ಹೆಂಡತಿ, "ಏನು ವಿಶೇಷ?" ಎಂದು ಕೇಳಿದರೆ, "ಏನೂ ಇಲ್ಲ" ಎಂದು ಉತ್ತರ ಬರುತ್ತದೆ. ಈ 'ಏನೂ ಇಲ್ಲ' ಎಂಬ ಎರಡು ಮಾತಿನಲ್ಲಿ ಎಷ್ಟೆಲ್ಲ ಅಡಗಿದೆಯೆಂಬುದು ಸಂಸಾರಸ್ಥರಿಗೆ ತಿಳಿಯದ ವಿಷಯವೇನಲ್ಲ.

ಇಂಥ ಸಮಾಚಾರಗಳಿಗೆ ಒಂದು ವಿಚಿತ್ರ ನಿಯಮವಿದೆ. ಅಲ್ಲಿ ಎಲ್ಲರೂ ಏರುತ್ತಾರೆ, ಯಾರೂ ಇಳಿಯುವುದಿಲ್ಲ. 'ಈ ವರ್ಷವೂ ಬಡ್ತಿ ದೊರೆಯಲಿಲ್ಲ' ಎಂದಾಗಲಿ, 'ಅಂಗಡಿ ಮುಚ್ಚಿ ಊರಿಗೆ ಹಿಂದಿರುಗಿದೆ' ಎಂದಾಗಲಿ ಯಾರೂ ಬರೆದು ಕಳುಹಿಸುವುದಿಲ್ಲ. ಏರಿಕೆ ನಿಂತ ದಿನ ಪತ್ರವೂ ನಿಲ್ಲುತ್ತದೆ. ಆಮೇಲೆ ಆ ಹೆಸರು ಬರುವುದು ಒಂದೇ ಸಲ, ಶ್ರದ್ಧಾಂಜಲಿಯ ಪಟ್ಟಿಯಲ್ಲಿ. ಹೆಣ್ಣುಮಕ್ಕಳ ಸಂಗತಿಯಂತೂ ಇನ್ನೂ ಬೇರೆ. ತರಗತಿಗೆ ಮೊದಲಿಗಳಾಗಿದ್ದವಳು ಮದುವೆಯಾಗಿ ಹೆಸರಿನ ಕೊನೆಯನ್ನು ಬದಲಾಯಿಸಿಕೊಂಡಳೆಂದರೆ, ಹಳೆಯ ಗೆಳತಿಯರಿಗೆ ಅವಳನ್ನು ಹುಡುಕುವ ದಾರಿಯೇ ತಪ್ಪಿಹೋಗುತ್ತದೆ. ಚಿನ್ನದ ಪದಕದ ಜೊತೆಗೆ ಇದ್ದ ಹೆಸರು ಒಂದು, ಅಡಿಗೆಮನೆಯ ಡಬ್ಬಿಗಳ ನಡುವೆ ಬಾಳುತ್ತಿರುವ ಹೆಸರು ಇನ್ನೊಂದು.

ಹಾಗಾದರೆ ಹಳೆಯ ವಿದ್ಯಾರ್ಥಿಯ ಕ್ಷೇಮ ಸಮಾಚಾರವೆಂದರೆ ನಿಜವಾಗಿ ಏನು? ಹುದ್ದೆಯ ಹೆಸರೇ? ಸಂಬಳದ ಅಂಕಿಯೇ? ಈ ಪ್ರಶ್ನೆಯನ್ನು ಬೆಂಗಳೂರು ಮೈಸೂರುಗಳ ಅಂಗಳದಲ್ಲಿ ಕೇಳುವುದಕ್ಕಿಂತ, ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿ, ಆರ್.ಎಚ್. ಕ್ಯಾಂಪ್ ಎಂಬ ಜಾಗದಲ್ಲಿ ನಿಂತು ಕೇಳಿದರೆ ಉತ್ತರ ಬೇರೆ ಬಗೆಯಾಗಿ ಕಾಣುತ್ತದೆ.

ಊರಿಗೆ ಹೆಸರಿಡುವಾಗ ಕನ್ನಡಿಗರು ಜಿಪುಣರಲ್ಲ. ಹಳ್ಳ, ಮರ, ದೇವರು, ವೀರ, ಯಾವುದಾದರೊಂದು ನೆವದಿಂದ ಊರಿಗೆ ಹೆಸರು ಬಂದಿರುತ್ತದೆ. ಆರ್.ಎಚ್. ಕ್ಯಾಂಪಿಗೆ ಬಂದದ್ದು ಎರಡು ಅಕ್ಷರ ಮತ್ತು ಒಂದು ಸಂಖ್ಯೆ. ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು, ಹೀಗೆ. ಆ ಎರಡಕ್ಷರದ ಅರ್ಥ ಪುನರ್ವಸತಿ. 1947ರ ದೇಶವಿಭಜನೆಯ ತರುವಾಯ ಪೂರ್ವ ಪಾಕಿಸ್ತಾನದಿಂದ, ಒಮ್ಮೆಗೇ ಅಲ್ಲದೆ ಅಲೆಅಲೆಯಾಗಿ, ಮುಖ್ಯವಾಗಿ 1950ರ ಮತ್ತು 1964ರ ಗಲಭೆಗಳಲ್ಲಿ, ಕೊನೆಗೆ 1971ರ ಯುದ್ಧಕಾಲದಲ್ಲಿ, ಹೊರಟುಬಂದ ಬಂಗಾಳಿ ಹಿಂದೂ ಕುಟುಂಬಗಳನ್ನು ಭಾರತ ಸರ್ಕಾರವು ಹಲವು ರಾಜ್ಯಗಳಲ್ಲಿ ನೆಲೆಗೊಳಿಸಿತು. ಅವರಲ್ಲಿ ಕೆಲವರ ಪಾಲಿಗೆ 1970ರ ಆಸುಪಾಸಿನಲ್ಲಿ ಬಂದದ್ದು ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆ. ನದಿಗಳ ಜಾಲದಲ್ಲಿ, ದೋಣಿಯಲ್ಲಿ ಓಡಾಡಿ ಬೆಳೆದವರು ಬಂದಿಳಿದದ್ದು ಬಿರುಕುಬಿಟ್ಟ ಕರಿಯ ಎರೆಭೂಮಿಗೆ. ಗುಡಿಸಲು ಕಟ್ಟಿದರು, ಭತ್ತ ನೆಟ್ಟರು, ಹೊಂಡ ತೋಡಿ ಮೀನು ಸಾಕಿದರು. ಆಶ್ವಯುಜ ಬಂದರೆ ಸುತ್ತಲ ಹಳ್ಳಿಗಳಲ್ಲಿ ಬನ್ನಿ ಮುಡಿಯುವ ಸಂಭ್ರಮವಾದರೆ, ಕ್ಯಾಂಪಿನಲ್ಲಿ ದುರ್ಗಾಪೂಜೆಯ ಢಾಕಿನ ಸದ್ದು. ನೆರೆಯಲ್ಲಿ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೂ ಇವೆ. ಹಾಗೆ 'ಕ್ಯಾಂಪ್' ಎಂಬುದು ಆ ನಾಡಿನ ಕನ್ನಡದಲ್ಲಿ ಅಪ್ಪಟ ಕನ್ನಡದ ಮಾತೇ ಆಗಿಹೋಗಿದೆ.

ಸರ್ಕಾರ ಕೊಟ್ಟ ಭೂಮಿ ಅಜ್ಜನಿಗೆ ಸಾಕಾಗಿತ್ತು. ಅಜ್ಜನಿಗೆ ಮೂವರು ಮಕ್ಕಳಾದರೆ ಅದು ಮೂರು ಪಾಲಾಯಿತು. ಮೊಮ್ಮಕ್ಕಳ ಕಾಲಕ್ಕೆ ಬದುವೇ ಹೊಲಕ್ಕಿಂತ ಅಗಲವಾಯಿತು ಎಂದು ನಗುವ ಸ್ಥಿತಿ. ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪದ ವರ್ಷ ಆ ನಗೆಯೂ ಇರುವುದಿಲ್ಲ. ಪಾಲಾಗದ ಆಸ್ತಿ ಲೋಕದಲ್ಲಿ ಒಂದೇ, ಅದು ವಿದ್ಯೆ. ಅಣ್ಣ ಬಿ.ಎ. ಮಾಡಿದರೆ ತಮ್ಮನ ಪಾಲು ಕಡಮೆಯಾಗುವುದಿಲ್ಲ. ಇನ್ನೊಮ್ಮೆ ಊರು ಬಿಡಬೇಕಾಗಿ ಬಂದರೂ ಅದನ್ನು ಹೊತ್ತೊಯ್ಯಲು ಗಾಡಿ ಬೇಕಿಲ್ಲ. ಒಮ್ಮೆ ಎಲ್ಲವನ್ನೂ ಬಿಟ್ಟು ಓಡಿಬಂದವರಿಗೆ ಈ ಲೆಕ್ಕವನ್ನು ಯಾವ ಅರ್ಥಶಾಸ್ತ್ರಜ್ಞನೂ ಹೇಳಿಕೊಡಬೇಕಾಗಿಲ್ಲ.

ಆದರೆ ಆ ಸೀಮೆಯಲ್ಲಿ ವಿದ್ಯೆಯೆಂಬುದು ಬಹುಕಾಲ ದೂರದ ಊರಿನ ಸರಕಾಗಿತ್ತು. ಕ್ಯಾಂಪಿನವರಿಗೆ ಮಾತ್ರವಲ್ಲ, ತಲೆತಲಾಂತರದಿಂದ ಅಲ್ಲಿಯೇ ಬಾಳಿದ ಕನ್ನಡಿಗರಿಗೂ. ರಾಯಚೂರು ನಿಜಾಮರ ರಾಜ್ಯದಲ್ಲಿದ್ದ ದಿನಗಳಲ್ಲಿ ಪದವಿ ಬೇಕಾದವನು ಹೈದರಾಬಾದಿನ ಹಾದಿ ಹಿಡಿಯಬೇಕು. ಅಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠ ನಡೆಯುತ್ತಿದ್ದುದು ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಉರ್ದು. ಹಾಗೆ ಓದಿದವರ ಸಮಾಚಾರವನ್ನು ಇಂದು ಬರೆದರೆ ಅದೇನು ಸಣ್ಣದಲ್ಲ. ಯಲಬುರ್ಗಿ ಸೀಮೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಅಲ್ಲಿ ಓದಿ ಆಡಳಿತಾಧಿಕಾರಿಯಾದರು, 'ಕಾವ್ಯಾನಂದ'ರೆಂದು ಕನ್ನಡದ ಕವಿಯೂ ಆದರು. ಚಿಂಚೋಳಿಯ ವೀರೇಂದ್ರ ಪಾಟೀಲರು ಅಲ್ಲಿಯೇ ಕಾನೂನು ಓದಿ 1968ರಿಂದ 1971ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. 1989ರಲ್ಲಿ ಎರಡನೆಯ ಬಾರಿ ಆ ಸ್ಥಾನಕ್ಕೆ ಬಂದರು.

ಅದೇ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಸೇರದೆ ಉಳಿದವರೂ ಇದ್ದಾರೆ. 1938ರಲ್ಲಿ 'ವಂದೇ ಮಾತರಂ' ಹಾಡಿದ ತಪ್ಪಿಗಾಗಿ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಆಗ ನಾಗಪುರದ ವಿಶ್ವವಿದ್ಯಾನಿಲಯ ಅವರಿಗೆ ಬಾಗಿಲು ತೆರೆಯಿತು. ಹಾಗೆ ನಾಗಪುರಕ್ಕೆ ಹೋದವರಲ್ಲಿ ಒಬ್ಬರು, 1991ರಲ್ಲಿ ಪ್ರಧಾನಿಗಳಾದ ಪಿ. ವಿ. ನರಸಿಂಹರಾಯರು. ಒಂದು ಬಾಗಿಲು ಮುಚ್ಚಿದಾಗ ಇನ್ನೊಬ್ಬರು ಬಾಗಿಲು ತೆರೆದರೆ ಒಬ್ಬನ ಬಾಳು ಎತ್ತ ತಿರುಗೀತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಪದವಿಪತ್ರದ ಮೇಲೆ ಯಾವ ಮುದ್ರೆಯಿದೆಯೆಂಬುದು ಅನೇಕ ಸಲ ಓದಿನ ಕಥೆಯಲ್ಲ, ಆಶ್ರಯದ ಕಥೆ.

1956ರ ನವೆಂಬರ್ 1ರಂದು ರಾಯಚೂರು ಕನ್ನಡ ರಾಜ್ಯಕ್ಕೆ ಸೇರಿತು. ಹೈದರಾಬಾದಿನ ಕಡೆ ತಿರುಗಿದ್ದ ದಾರಿ ಧಾರವಾಡದ ಕಡೆ ತಿರುಗಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾನಿಲಯವಾಯಿತು. ರಾಯಚೂರಿಗೆ ಮೊದಲು ಕೃಷಿ ವಿಶ್ವವಿದ್ಯಾನಿಲಯ ಬಂತು, ಈಚಿನ ವರ್ಷಗಳಲ್ಲಿ ಬೇರೊಂದು ವಿಶ್ವವಿದ್ಯಾನಿಲಯವೂ ಬಂದಿದೆ. ಹೀಗೆ ಮೂರು ತಲೆಮಾರುಗಳಲ್ಲಿ ಪದವಿಯು ಪರರಾಜಧಾನಿಯಿಂದ ಜಿಲ್ಲೆಯ ಮುಖ್ಯ ಸ್ಥಳದವರೆಗೆ ನಡೆದು ಬಂತು. ರೈಲು ಮಾತ್ರ ಇನ್ನೂ ನಿಧಾನಿಸಿತು; ಸಿಂಧನೂರಿಗೆ ಅದು ತಲುಪಿದ್ದು 2024ರಲ್ಲಿ. ಅಲ್ಲಿಯವರೆಗೆ ಕಾಲೇಜಿಗೆ ಹೊರಟ ಹುಡುಗರ ಹಾಸಿಗೆ, ಪೆಟ್ಟಿಗೆ, ರೊಟ್ಟಿಯ ಗಂಟುಗಳು ಹೋಗುತ್ತಿದ್ದುದು ಬಸ್ಸಿನಲ್ಲಿಯೇ.

ಈ ಬಸ್ಸಿನಲ್ಲಿ ಕ್ಯಾಂಪಿನ ಹುಡುಗನೂ ಹುಡುಗಿಯೂ ಹೊರಟರೆಂದು ಭಾವಿಸಬೇಕು. ಅವರ ನಾಲಗೆಯ ಮೇಲೆ ಎಷ್ಟು ಭಾಷೆಗಳು! ತಾಯಿಯೊಡನೆ ಬಂಗಾಳಿ, ಗುರುಗಳೊಡನೆ ಕನ್ನಡ, ಪಕ್ಕದ ಹೊಲದವರೊಡನೆ ತೆಲುಗು, ಸಂತೆಯಲ್ಲಿ ಉರ್ದು ಬೆರೆತ ಹಿಂದಿ, ಪಠ್ಯಪುಸ್ತಕದಲ್ಲಿ ಇಂಗ್ಲಿಷು. ನಗರದ ಕುಟುಂಬದಲ್ಲಿ ಮಗು ಎರಡು ಭಾಷೆ ಆಡಿದರೆ ಬಂದವರ ಮುಂದೆ ನಿಲ್ಲಿಸಿ ಹಾಡಿಸುತ್ತಾರೆ. ಐದು ಭಾಷೆಯ ಈ ಮಕ್ಕಳಿಗೆ ಅರ್ಜಿಯ ನಮೂನೆಯಲ್ಲಿ ಸಿಕ್ಕುವುದು ಒಂದೇ ಅಂಕಣ, 'ಮಾತೃಭಾಷೆ'. ಅದರ ಎದುರು ಬಂಗಾಳಿ ಎಂದು ಬರೆದೊಡನೆ ಮೇಜಿನ ಆಚೆಯವರು ತಲೆಯೆತ್ತಿ, "ನೀವು ಯಾವ ಊರಿನವರು?" ಎಂದು ಕೇಳುತ್ತಾರೆ. "ಸಿಂಧನೂರು" ಎಂದರೆ ನಂಬುವುದಿಲ್ಲ.

ಅರ್ಜಿಯ ಉಳಿದ ಅಂಕಣಗಳೂ ಸುಲಭವಲ್ಲ. ಕ್ಯಾಂಪಿನವರಲ್ಲಿ ಬಹುಮಂದಿ ನಾಮಶೂದ್ರ ಸಮುದಾಯದವರು. ಪಶ್ಚಿಮ ಬಂಗಾಳದಲ್ಲಿ ಆ ಸಮುದಾಯ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಆದರೆ ಆ ಪಟ್ಟಿ ರಾಜ್ಯರಾಜ್ಯಕ್ಕೆ ಬೇರೆಬೇರೆ. ಮನುಷ್ಯ ಗಡಿ ದಾಟಿದರೆ ಜಾತಿ ಬಿಡುವುದಿಲ್ಲ, ಸೌಲಭ್ಯ ಬಿಟ್ಟುಹೋಗುತ್ತದೆ. ಕರ್ನಾಟಕದಲ್ಲಿಯೂ ತಮ್ಮನ್ನು ಆ ಪಟ್ಟಿಗೆ ಸೇರಿಸಬೇಕೆಂಬುದು ಅವರ ಬಹುಕಾಲದ ಬೇಡಿಕೆ. 2012ರಲ್ಲಿ ಸಂವಿಧಾನದ 98ನೆಯ ತಿದ್ದುಪಡಿಯಿಂದ 371-ಜೆ ವಿಧಿ ಬಂದು, ಹೈದರಾಬಾದ್ ಕರ್ನಾಟಕದ ಮಕ್ಕಳಿಗೆ ಕಾಲೇಜಿನಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ಸ್ಥಾನದ ದಾರಿ ತೆರೆಯಿತು. ಆ ಪ್ರದೇಶಕ್ಕೆ 2019ರಿಂದ ಕಲ್ಯಾಣ ಕರ್ನಾಟಕವೆಂಬ ಹೆಸರು. ಆ ವಿಧಿಯ ಫಲ ಪಡೆಯಲು ಸ್ಥಳೀಯನೆಂಬ ಪ್ರಮಾಣಪತ್ರ ಬೇಕು. ಮೊದಲಿಗೆ ಬಂದವರ ಮಕ್ಕಳ ಕಾಗದಗಳು ಹೇಗೋ ಕೂಡಿದವು. ತಡವಾಗಿ ಬಂದ ಕುಟುಂಬಗಳಲ್ಲಿ ಕೆಲವಕ್ಕೆ ಪೌರತ್ವದ ಕಾಗದವೇ ಇರಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯಿದೆಗೆ ನಿಯಮಗಳು ಪ್ರಕಟವಾದದ್ದು 2024ರ ಮಾರ್ಚಿಯಲ್ಲಿ. ಆ ವರ್ಷವೇ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪೌರತ್ವ ದೊರೆಯಿತು. ದಶಕಗಳ ಕಾಲ ಕಾದು ಪಡೆದ ಆ ಒಂದು ಹಾಳೆಯ ಮುಂದೆ ಯಾವ ವಿಶ್ವವಿದ್ಯಾನಿಲಯದ ಪದವಿಪತ್ರ ಹೆಚ್ಚಿನದು?

ಹೀಗೆ ಓದಿ ಮುಗಿಸಿದವರ ಸಮಾಚಾರ ಯಾವ ಸಂಘದ ಪತ್ರಿಕೆಯ ಕೊನೆಯ ಪುಟದಲ್ಲಿ ಬರಬೇಕು? ಒಬ್ಬನು ಬೆಂಗಳೂರಿಗೆ ಹೋಗಿ ಕಾವಲು ಕೆಲಸಕ್ಕೆ ನಿಂತಿರಬಹುದು. ಅವನ ಜೇಬಿನಲ್ಲಿ ಪದವಿಯಿದೆಯೆಂದು ಮಾಳಿಗೆಯ ಮನೆಯವರಿಗೆ ಗೊತ್ತಿರಲಾರದು. ಒಬ್ಬಳು ಶಾಲೆಯಲ್ಲಿ ಕನ್ನಡ ವರ್ಣಮಾಲೆ ಕಲಿಸುತ್ತಿರಬಹುದು. 'ಳ'ಕಾರದ ಉಚ್ಚಾರಣೆಯನ್ನು ತನ್ನ ಅಜ್ಜಿಗೆ ಮಾತ್ರ ಕಲಿಸಲಾರದೆ ಸೋತಿರಬಹುದು. ಮತ್ತೊಬ್ಬನು ಗದ್ದೆಗೆ ಹಿಂದಿರುಗಿ, ಸಂಜೆ ನೆರೆಹೊರೆಯವರ ಅರ್ಜಿಗಳನ್ನು ಬರೆದುಕೊಡುತ್ತಿರಬಹುದು. ಈ ಮೂರನೆಯವನನ್ನು ಜನ 'ಓದಿ ಹಾಳಾದ' ಎನ್ನುತ್ತಾರೆ. ಆದರೆ ಒಂದು ಕ್ಯಾಂಪಿನ ಎಷ್ಟು ಪಡಿತರ ಚೀಟಿಗಳು, ಪಹಣಿಗಳು, ವಿದ್ಯಾರ್ಥಿವೇತನಗಳು ಅವನ ಲೇಖನಿಯಿಂದ ಹಾದುಹೋದವೆಂಬ ಲೆಕ್ಕವನ್ನು ಯಾರು ಇಟ್ಟಿದ್ದಾರೆ? ಮಹಾಪ್ರಬಂಧಕನ ಬಡ್ತಿಯಿಂದ ಒಂದು ಮನೆಗೆ ಸುಖ. ಇವನ ಓದಿನಿಂದ ನೂರು ಮನೆಗೆ ನೆಮ್ಮದಿ. ಎರಡೂ ಸಮಾಚಾರವೇ. ಮೊದಲನೆಯದು ಅಚ್ಚಾಗುತ್ತದೆ, ಎರಡನೆಯದು ಅಚ್ಚಾಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಸಿಂಧನೂರಿನಿಂದ ಲಿಂಗಸುಗೂರಿನ ಕಡೆ ಹೊರಟವರಿಗೆ ನಡುವೆ ಮಸ್ಕಿ ಸಿಕ್ಕುತ್ತದೆ. ಅಲ್ಲಿಯ ಬಂಡೆಯ ಮೇಲೆ ಮೌರ್ಯರ ಕಾಲದ ಶಾಸನವೊಂದಿದೆ. 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೂ ವಿದ್ವಾಂಸರಿಗೆ ಶಾಸನಗಳಲ್ಲಿ ಸಿಕ್ಕುತ್ತಿದ್ದುದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. 1915ರಲ್ಲಿ ಚಿನ್ನದ ಗಣಿಯ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರನು ಮಸ್ಕಿಯ ಬಂಡೆಯನ್ನು ಕಂಡನು. ಅದರ ಮೇಲೆ ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರು ಮೊದಲ ಬಾರಿಗೆ ದೊರೆಯಿತು. ಅನಂತರ ಗುಜರ್ರಾದಲ್ಲಿಯೂ, ಬಳ್ಳಾರಿ ಸೀಮೆಯ ನಿಟ್ಟೂರು ಉಡೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿತು. ಚಿನ್ನ ಹುಡುಕುವವನಿಗೆ ಹೆಸರು ಸಿಕ್ಕಿತೆಂಬುದು ಚೆಲುವಾದ ಸಂಗತಿ. ಅದಕ್ಕಿಂತ ಚೆಲುವಾದುದು ಆ ಬಂಡೆ ಸಾರುವ ವಿಷಯ. ಧರ್ಮದಲ್ಲಿ ಶ್ರಮಿಸಿದರೆ ಸಾಮಾನ್ಯನಿಗೂ ಉನ್ನತಿ ದೊರೆಯುತ್ತದೆ, ದೊಡ್ಡವರಿಗೆ ಮಾತ್ರ ಅದು ಮೀಸಲೆಂದು ಯಾರೂ ಭಾವಿಸಬಾರದು ಎಂಬ ಅರ್ಥ ಅದರಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ಅದೇ ಎರೆನಾಡಿನಲ್ಲಿ, ಚಕ್ರವರ್ತಿಯೊಬ್ಬನು ಕೆತ್ತಿಸಿದ ಸಮಾಚಾರವಿದು.

ಹಳೆಯ ವಿದ್ಯಾರ್ಥಿಗಳ ಪುಟ ಸಿದ್ಧಪಡಿಸುವವರು ಮುಂದಿನ ಸಂಚಿಕೆಗೆ ಪತ್ರ ಬರೆಯುವಾಗ 'ಈಗಿನ ಹುದ್ದೆ' ಎಂಬ ಅಂಕಣದ ಕೆಳಗೆ ಇನ್ನೊಂದು ಅಂಕಣ ಸೇರಿಸಬಹುದು: 'ಓದಿದ್ದು ಯಾರಿಗೆ ಉಪಯೋಗವಾಯಿತು?' ಬಿರುದಿಲ್ಲದವರೂ ಅದನ್ನು ಸಂಕೋಚವಿಲ್ಲದೆ ತುಂಬಿಯಾರು. ಮದುವೆಯಾದ ಮೇಲೆ ಕಳೆದುಹೋದ ಗೆಳತಿಯರು ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಟ್ಟ ಸಂಗತಿಯನ್ನು ತಮ್ಮ ಹಳೆಯ ಹೆಸರಿನಲ್ಲಿಯೇ ಬರೆದಾರು. ಸಂಖ್ಯೆಯ ಹೊರತು ಹೆಸರಿಲ್ಲದ ಊರಿನಿಂದಲೂ ಒಂದು ಕಾಗದ ಬಂದೀತು, ದುಂಡಾದ ಕನ್ನಡ ಅಕ್ಷರಗಳಲ್ಲಿ. ಆಗ ಸಂಜೆ ಕನ್ನಡಕ ಒರೆಸಿಕೊಂಡು ಓದುವ ಗೃಹಸ್ಥನಿಗೂ, "ಏನು ವಿಶೇಷ?" ಎಂಬ ಪ್ರಶ್ನೆಗೆ ಹೇಳಲು ನಾಲ್ಕು ಮಾತು ಇದ್ದೀತು.